ಎಂಟು ಅಯಸ್ಕಾಂತಗಳ ಮಳೆಗಾಲ

ಹೋದ ತಿಂಗಳು ನಾಸಿಕದಿಂದ ಸಂಭಾಜಿನಗರಕ್ಕೆ ಹೋಗುವಾಗ ನಮ್ಮ ಬಸ್ಸು ಚಾಂದವಡದ ಹೊರಗೆ ಕಾಲು ಗಂಟೆ ನಿಂತಿತು. ಮುಂದೆ ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರುಗಳ ಸಾಲು. ಎರಡು ದಿನದ ಮಳೆಗೆ ನೆಂದು ಕೊಳೆಯತೊಡಗಿದ ಉಳ್ಳಾಗಡ್ಡಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಫೋನಿನಲ್ಲಿ ತನ್ನ ಮಾತು ಮುಂದುವರಿಸಿದಳು. ನನ್ನ ಅಂಗೈಗಳು ಬೆವರಿದವು. ಫೋನು ರಿಂಗಾಗಿರಲಿಲ್ಲ, ಆದರೂ ಚೀಲದಿಂದ ತೆಗೆದು ನೋಡಿದೆ. ನಾಲ್ಕು ವರ್ಷ ಕಳೆದಿವೆ. ಆ ಜಾಗಕ್ಕೆ ಬಂದರೆ, ಆ ವಾಸನೆ ಮೂಗಿಗೆ ಬಡಿದರೆ, ನನಗೆ ಈಗಲೂ ಹಾಗೆಯೇ ಆಗುತ್ತದೆ.

ಆ ಮಳೆಗಾಲದಲ್ಲಿ ನನಗೆ ಮೂವತ್ತೊಂಬತ್ತು ವರ್ಷ. ನಾಸಿಕದ ಇಂದಿರಾನಗರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಗ್ಯಾಲರಿಯ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದೆ. ಕೆಲಸ ಹಲ್ಲು ತಯಾರಿಸುವ ಲ್ಯಾಬಿನಲ್ಲಿ. ಡೆಂಟಿಸ್ಟರು ಕಳಿಸಿದ ಅಚ್ಚಿನ ಮೇಲೆ ಪಿಂಗಾಣಿಯ ಹಲ್ಲು ಮಾಡಿ, ಅಕ್ಕಪಕ್ಕದ ಹಲ್ಲಿಗೆ ಹೊಂದುವಂತೆ ಅದಕ್ಕೆ ಬಣ್ಣ ಕೊಡುವುದು ನನ್ನ ಪಾಲಿನದು. ಯಾರ ಹಲ್ಲೂ ಬರೀ ಬೆಳ್ಳಗಿರುವುದಿಲ್ಲ. ಬುಡದಲ್ಲಿ ಜೇನಿನ ಬಣ್ಣ, ತುದಿಯಲ್ಲಿ ನೀಲಿಯ ಛಾಯೆ, ನಡುವೆ ಚಹಾ ಕುಡಿದ ವರ್ಷಗಳ ಗೆರೆ. ಹೀಗೆ ಕೂದಲೆಳೆಯಷ್ಟು ಸಣ್ಣ ಬ್ರಷ್ಷು ಹಿಡಿದೇ ನನ್ನ ಹದಿನೈದು ವರ್ಷ ಕಳೆದಿದ್ದವು.

ತವರದ ಸೈನಿಕರು ನನ್ನ ಕೈಗೆ ಬಂದದ್ದೂ ಹಲ್ಲಿನ ಮೂಲಕವೇ. ಕೋಟದ ಕಡೆಯಿಂದ ಬಂದು ನಾಸಿಕದಲ್ಲಿ ಶಾಕಾಹಾರಿ ಹೋಟೆಲು ನಡೆಸುವ ಐತಾಳರು ಎಂಬವರು ಮುಂದಿನ ಹಲ್ಲೊಂದನ್ನು ಹಾಕಿಸಿಕೊಂಡಿದ್ದರು. ಒಂದು ದಿನ ಲ್ಯಾಬು ಹುಡುಕಿಕೊಂಡು ಬಂದು, ಈ ಹಲ್ಲಿಗೆ ಬಣ್ಣ ಕೊಟ್ಟವರು ಯಾರು ಎಂದು ಕೇಳಿದರು. ನಾನೆಂದು ತಿಳಿದಾಗ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲೆ ತೆರೆದರು. ಒಳಗೆ ಹತ್ತಿಯ ಮೇಲೆ ತವರದ ಒಬ್ಬ ಸೈನಿಕ ಮಲಗಿದ್ದ, ಹಲ್ಲಿನಷ್ಟೇ ಎತ್ತರ. ಐತಾಳರ ಹೋಟೆಲಿನ ಮೇಲಿನ ಹಾಲಿನಲ್ಲಿ ರವಿವಾರ ಬೆಳಿಗ್ಗೆ ಆರು ಜನ ಸೇರುತ್ತಿದ್ದರು. ಹಳೆಯ ಯುದ್ಧಗಳನ್ನು ದೊಡ್ಡ ಮೇಜಿನ ಮೇಲೆ ಮತ್ತೆ ಆಡುವುದು ಅವರ ಹವ್ಯಾಸ. ಮರಳು ಅಂಟಿಸಿದ ಹಲಗೆ, ಸ್ಪಂಜಿನ ಗಿಡಗಳು, ದಾಳ, ಅಳತೆಯ ಟೇಪು. ಯಾವ ಪಲ್ಟನ್ನಿನ ಅಂಗಿ ಯಾವ ಹಸಿರು, ಯಾವ ಟ್ಯಾಂಕಿನ ಮೇಲೆ ಯಾವ ಗುರುತು ಎಂದು ಅವರು ತಿಂಗಳುಗಟ್ಟಲೆ ವಾದ ಮಾಡುತ್ತಿದ್ದರು. ಬಣ್ಣ ಹಾಕುವ ಕೈ ಮಾತ್ರ ಅವರಲ್ಲಿ ಯಾರಿಗೂ ಇರಲಿಲ್ಲ. ನನಗೆ ಯುದ್ಧ ಗೊತ್ತಿರಲಿಲ್ಲ, ಬಣ್ಣ ಗೊತ್ತಿತ್ತು. ಎರಡು ವರ್ಷದಲ್ಲಿ ನಾನೂ ಅವರ ಜೊತೆ ವಾದ ಮಾಡುವವಳಾದೆ.

ಆ ವರ್ಷ ಎಪ್ಪತ್ತೊಂದರ ಮರುಭೂಮಿಯ ಕಾಳಗವನ್ನು ಆಡುವುದೆಂದು ತೀರ್ಮಾನವಾಗಿತ್ತು. ನನ್ನ ಪಾಲಿಗೆ ಹನ್ನೆರಡು ಟ್ಯಾಂಕುಗಳು ಬಂದಿದ್ದವು, ಒಂದೊಂದೂ ಹೆಬ್ಬೆರಳಿನಷ್ಟು. ತೋಪು ಇರುವ ಮೇಲಿನ ಗೋಪುರ ತಿರುಗಬೇಕು, ಟ್ಯಾಂಕು ಹೊಡೆತ ತಿಂದಾಗ ಅದನ್ನು ಎತ್ತಿ ಪಕ್ಕಕ್ಕಿಡಬೇಕು. ಅದಕ್ಕಾಗಿ ಗೋಪುರದ ಕೆಳಗೊಂದು, ಟ್ಯಾಂಕಿನ ಒಡಲೊಳಗೊಂದು ಅಯಸ್ಕಾಂತ ಅಂಟಿಸುತ್ತೇವೆ. ತೊಗರಿಬೇಳೆಗಿಂತ ಚಿಕ್ಕ ಬಿಲ್ಲೆಗಳು, ಬೆಳ್ಳಿಯಂತೆ ಹೊಳೆಯುತ್ತವೆ. ಗಾತ್ರ ನೋಡಿ ಅವುಗಳ ಬಲವನ್ನು ಊಹಿಸಲಾಗುವುದಿಲ್ಲ. ಒಂದು ಬೆರಳಿನ ಈ ಬದಿ, ಇನ್ನೊಂದು ಆ ಬದಿ ಇಟ್ಟರೆ ಚರ್ಮದ ಮೂಲಕವೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಪೊಟ್ಟಣದ ಮೇಲೆ ಎಚ್ಚರಿಕೆ ಬರೆದಿತ್ತು. ಅದನ್ನು ನಾನು ಓದಿದ್ದೆ.

ನನ್ನ ತಮ್ಮ ಮಹೇಶ ಸಂಭಾಜಿನಗರದ ಹೊರಗಿನ ವಾಳೂಜಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಭಾಲ್ಕಿಯಿಂದ ನಮ್ಮಪ್ಪ ಮರಾಠವಾಡಕ್ಕೆ ಬಂದಾಗ ನನಗೆ ಆರು ವರ್ಷ, ಮಹೇಶ ಹುಟ್ಟಿದ್ದು ಅಲ್ಲಿಯೇ. ಅವನ ಹೆಂಡತಿ ಕವಿತಾ ಹುಮನಾಬಾದಿನವಳು. ಮಗಳು ಓವಿ, ಆಗ ಮೂರೂವರೆ ವರ್ಷದವಳು. ಕನ್ನಡದಲ್ಲಿ ಏನು ಕೇಳಿದರೂ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. ನನ್ನನ್ನು ‘ಆತ್ಯಾ’ ಎನ್ನುತ್ತಿದ್ದಳು, ಸೋದರತ್ತೆ ಅಂತ.

ಆ ಶ್ರಾವಣದಲ್ಲಿ ಕವಿತಾಳಿಗೆ ಬಿ.ಎಡ್. ಪರೀಕ್ಷೆ ಇತ್ತು. ಒಂದು ವಾರ ಓವಿಯನ್ನು ನನ್ನ ಹತ್ತಿರ ಬಿಡಿ ಎಂದು ನಾನೇ ಕೇಳಿದೆ. ಕವಿತಾ ಅನುಮಾನಿಸಿದಳು. ನಿಮಗೆ ಸಣ್ಣ ಮಕ್ಕಳ ರೂಢಿಯಿಲ್ಲ, ತ್ರಾಸಾಗುತ್ತದೆ ಎಂದಳು. ಮರ್ಯಾದೆಯಿಂದಲೇ ಹೇಳಿದ್ದಳು, ನನಗೆ ಮುಳ್ಳಿನಂತೆ ಚುಚ್ಚಿತು. ಮದುವೆಯಾಗದವಳಿಗೆ ಮಗು ನೋಡಿಕೊಳ್ಳಲು ಬಾರದೇ ಎಂದು ಮಹೇಶನ ಎದುರು ಜಗಳ ಕಾದೆ. ಅವನು ಹೆಂಡತಿಯನ್ನು ಒಪ್ಪಿಸಿದ. ಲ್ಯಾಬಿಗೆ ಒಂದು ವಾರ ರಜೆ ಹಾಕಿದೆ.

ಬೆಳಿಗ್ಗೆ ಗ್ಯಾಲರಿಯ ಪಕ್ಕದ ಮೇಜಿನಲ್ಲಿ ನಾನು ಬಣ್ಣ ಹಾಕುವಾಗ ಓವಿ ಎತ್ತರದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅವಳಿಗೊಂದು ದಪ್ಪ ಬ್ರಷ್ಷು, ಒಂದು ಬಟ್ಟಲು ನೀರು, ಮುರಿದ ಬಂದೂಕಿನ ಒಬ್ಬ ಸೈನಿಕನನ್ನು ಕೊಟ್ಟಿದ್ದೆ. ಕಣ್ಣು ಬರೆಯುವುದನ್ನು ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮೊದಲು ಬಿಳಿಯ ಗೆರೆ, ಅದರ ಮೇಲೆ ಕರಿಯ ಚುಕ್ಕೆ. ಚುಕ್ಕೆ ಸ್ವಲ್ಪ ಬದಿಗಿರಬೇಕು. ನಟ್ಟನಡುವೆ ಬಿದ್ದರೆ ಸೈನಿಕ ಬೆಚ್ಚಿಬಿದ್ದವನಂತೆ ಕಾಣುತ್ತಾನೆ. ನನ್ನಿಂದ ಹಾಗೆ ಕೆಟ್ಟ ಒಬ್ಬನನ್ನು ಅವಳು ಎತ್ತಿಕೊಂಡು, “ಹಾ ಘಾಬರ್‍ಲಾ” ಎಂದಳು. ಹೆದರಿದ್ದಾನೆ ಅಂತ. ನಾನು ನಕ್ಕೆ.

ನನ್ನದೊಂದು ಕೆಟ್ಟ ಅಭ್ಯಾಸವಿತ್ತು. ಬ್ರಷ್ಷಿನ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಎಳೆಯುತ್ತಿದ್ದೆ. ದಿನಕ್ಕೆ ನೂರು ಸಲ. ಓವಿಯೂ ತನ್ನ ಬ್ರಷ್ಷನ್ನು ಬಾಯಿಗೆ ಹಾಕಿಕೊಂಡಾಗ ಬೈಯಲಿಲ್ಲ, ಚೆಂದ ಕಂಡಿತು. ಸಂಜೆ ಐತಾಳರ ಹೋಟೆಲಿಗೆ ಹೋದರೆ ಅವರು ಗಲ್ಲೆಯ ಮೇಲಿನ ತಟ್ಟೆಯಿಂದ ಅವಳಿಗೆ ಬಡೇಸೋಪು ಕೊಡುತ್ತಿದ್ದರು. ಅದರಲ್ಲಿ ಬೆಳ್ಳಿಬಣ್ಣದ ಸಕ್ಕರೆ ಗುಂಡುಗಳಿರುತ್ತಿದ್ದವು. ಅವಳು ಅವನ್ನಷ್ಟೇ ಆರಿಸಿ ತಿನ್ನುತ್ತಿದ್ದಳು.

ಬುಧವಾರ ಬೆಳಿಗ್ಗೆ ನಾಲ್ಕು ಟ್ಯಾಂಕುಗಳಿಗೆ ಬೇಕಾದ ಎಂಟು ಅಯಸ್ಕಾಂತಗಳನ್ನು ಬಿಡಿಸಿ, ಒಂದಕ್ಕೊಂದು ಅಂಟಿಕೊಳ್ಳದಂತೆ ಸ್ಟೀಲಿನ ಪಟ್ಟಿಯ ಮೇಲೆ ದೂರದೂರ ಸಾಲಾಗಿ ಇಟ್ಟೆ. ಅಷ್ಟರಲ್ಲಿ ಮಳೆ ರಪ್ಪೆಂದು ಬಂತು. ಒಣಗಹಾಕಿದ ಬಟ್ಟೆ ತೆಗೆಯಲು ಗ್ಯಾಲರಿಗೆ ಹೋದೆ. ಐದು ನಿಮಿಷವಾಗಿರಬಹುದು. ಒಳಗೆ ಬಂದಾಗ ಓವಿ ಸ್ಟೂಲಿನ ಮೇಲೆ ತುಟಿ ಬಿಗಿದು ಕುಳಿತಿದ್ದಳು. ಏನು ಬಾಯಲ್ಲಿ ಎಂದು ಕೇಳಿದೆ. “ಕಾಯ್ ನಾಯ್”, ಏನಿಲ್ಲ, ಎಂದು ಬಾಯಿ ತೆರೆದು ತೋರಿಸಿದಳು. ಏನೂ ಇರಲಿಲ್ಲ. ಲ್ಯಾಬಿನಿಂದ ಫೋನು ಬಂತು. ಮಾತಾಡುತ್ತಲೇ ಪಟ್ಟಿಯನ್ನು ಎತ್ತಿ ಡ್ರಾಯರಿನೊಳಗಿಟ್ಟೆ. ಎಣಿಸಲಿಲ್ಲ. ಪಟ್ಟಿಯ ಕಡೆ ನೋಡಲೂ ಇಲ್ಲ.

ಗುರುವಾರ ಮಹೇಶ ಬಂದು ಅವಳನ್ನು ಕರೆದುಕೊಂಡು ಹೋದ.

ಶನಿವಾರ ಬೆಳಿಗ್ಗೆ ಡ್ರಾಯರು ತೆಗೆದಾಗ ಪಟ್ಟಿಯ ಮೇಲೆ ಐದು ಬಿಲ್ಲೆಗಳಿದ್ದವು. ಮೊದಲು ನಾನು ಹೆದರಲಿಲ್ಲ. ಬಿದ್ದಿರಬೇಕು ಎಂದುಕೊಂಡೆ. ಅಡುಗೆಮನೆಯ ಚಾಕುವನ್ನು ನೆಲದ ಮೇಲೆ ಆಡಿಸುತ್ತ ಹೋದೆ, ಒಂದು ಬಿಲ್ಲೆ ಮೇಜಿನ ಕಬ್ಬಿಣದ ಕಾಲಿಗೆ ಅಂಟಿಕೊಂಡಿತ್ತು. ಆರು. ಉಳಿದ ಎರಡಕ್ಕಾಗಿ ಮಂಚ ಸರಿಸಿದೆ, ಕಸದ ಬುಟ್ಟಿಯನ್ನು ಹಳೆಯ ಪತ್ರಿಕೆಯ ಮೇಲೆ ಸುರುವಿ ಬೆರಳಿನಿಂದ ಕೆದಕಿದೆ. ಗ್ಯಾಲರಿಯ ನೀರು ಹೋಗುವ ಜಾಲರಿಯನ್ನೂ ಎತ್ತಿ ನೋಡಿದೆ. ಹುಡುಕುತ್ತಿರುವಾಗಲೇ ಓವಿಯ ಆ ಬಿಗಿದ ತುಟಿಗಳು ಕಣ್ಣೆದುರು ಬಂದವು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಕವಿತಾಳಿಗೆ ಫೋನು ಮಾಡಿದೆ. ಓವಿ ಹೇಗಿದ್ದಾಳೆ ಎಂದಷ್ಟೇ ಕೇಳಿದೆ. ನಿನ್ನೆಯಿಂದ ವಾಂತಿ, ಹೊಟ್ಟೆನೋವು ಎನ್ನುತ್ತಾಳೆ, ಮಳೆಗಾಲದ ನೀರಿನದು ಎಂದು ಡಾಕ್ಟರು ಸಿರಪ್ಪು ಕೊಟ್ಟಿದ್ದಾರೆ ಎಂದಳು. ಅವಳ ದನಿಯಲ್ಲಿ ಚಿಂತೆಯಿರಲಿಲ್ಲ, ಬೇಸರವಿತ್ತಷ್ಟೇ. ನಾನು ಹೇಳಬೇಕಾದ ಮಾತು ನಾಲಿಗೆಯವರೆಗೆ ಬಂದಿತ್ತು. “ಆರಾಮ ಮಾಡಿಸು, ಬಿಸಿನೀರು ಕೊಡು” ಎಂದು ಫೋನು ಇಟ್ಟೆ.

ಯಾಕೆ ಹೇಳಲಿಲ್ಲ ಎಂದು ಈ ನಾಲ್ಕು ವರ್ಷದಲ್ಲಿ ನನ್ನನ್ನು ನಾನು ಕೇಳಿಕೊಂಡಷ್ಟು ಬೇರೆ ಯಾರೂ ಕೇಳಿಲ್ಲ. ಮಗುವಿಗೆ ಏನಾದೀತೆಂಬ ಹೆದರಿಕೆಗಿಂತ ಕವಿತಾ ಏನೆಂದಾಳೆಂಬ ಹೆದರಿಕೆ ದೊಡ್ಡದಾಗಿತ್ತೇ? ‘ರೂಢಿಯಿಲ್ಲ’ ಎಂದವಳು ಸರಿಯಾಗಿಯೇ ಹೇಳಿದ್ದಳು ಎಂದು ಒಪ್ಪಿಕೊಳ್ಳುವುದು ಅಷ್ಟು ಕಷ್ಟವಾಗಿತ್ತೇ? ಬಿಲ್ಲೆಗಳು ಇಲ್ಲೇ ಎಲ್ಲೋ ಇವೆ, ಸಿಕ್ಕಿಬಿಟ್ಟರೆ ಯಾರಿಗೂ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದು ಆ ದಿನವಿಡೀ ಹುಡುಕಿದೆ. ಮೂರು ಸಲ ಗುಡಿಸಿದೆ. ಮಧ್ಯೆ ಮಧ್ಯೆ ಫೋನಿನಲ್ಲಿ ಓದಿದೆ. ಒಂದು ಅಯಸ್ಕಾಂತ ನುಂಗಿದರೆ ಸಾಮಾನ್ಯವಾಗಿ ತಾನಾಗಿ ಹೊರಬರುತ್ತದೆ. ಎರಡಾದರೆ, ಕರುಳಿನ ಎರಡು ಮಡಿಕೆಗಳಲ್ಲಿ ನಿಂತು ಗೋಡೆಗಳ ಮೂಲಕ ಒಂದನ್ನೊಂದು ಎಳೆದುಕೊಳ್ಳುತ್ತವೆ, ನಡುವೆ ಸಿಕ್ಕ ಕರುಳು ಕೊಳೆತು ತೂತಾಗುತ್ತದೆ. ಅದನ್ನು ಓದಿದ ಮೇಲೂ ನಾನು ಫೋನು ಮಾಡಲಿಲ್ಲ.

ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಟ್ಯಾಂಕುಗಳ ಡಬ್ಬಿ ಹಿಡಿದು ಐತಾಳರ ಹಾಲಿಗೆ ಹೋದೆ. ಹೋಗದಿದ್ದರೆ ಯಾರಾದರೂ ಕಾರಣ ಕೇಳುತ್ತಾರೆ ಎಂಬ ಹೆದರಿಕೆ. ಐತಾಳರು ಒಬ್ಬರೇ ಇದ್ದರು, ಹಲಗೆಯ ಮೇಲೆ ಮರಳಿನ ದಿಬ್ಬ ಹರಡುತ್ತಿದ್ದರು. ಗೋಪುರಗಳು ಸಡಿಲವಾಗಿರುವುದನ್ನು ನೋಡಿ ಯಾಕೆಂದು ಕೇಳಿದರು. ನಾನು ಹೇಳತೊಡಗಿದೆ. ಎಲ್ಲ ಹೇಳಿ ಮುಗಿಸುವವರೆಗೆ ಅವರು ಕೈಯಲ್ಲಿದ್ದ ಮರಳನ್ನು ಕೆಳಗೆ ಬಿಡಲಿಲ್ಲ.

“ನಿನ್ನೆಯಿಂದ ಗೊತ್ತುಂಟಾ ನಿಮ್ಗೆ?” ಎಂದರು.

ನಾನು ತಲೆಯಾಡಿಸಿದೆ.

“ಫೋನ್ ಮಾಡಿ. ಈಗ್ಲೇ, ನನ್ನೆದ್ರೇ ಮಾಡಿ.”

ಮಹೇಶ ಎತ್ತಿದ. ಓವಿ ಮ್ಯಾಗ್ನೆಟ್ ನುಂಗಿರಬಹುದು, ತಕ್ಷಣ ಎಕ್ಸ್‌ರೇ ತೆಗೆಸು ಎಂದೆ. ಎಷ್ಟು ಎಂದು ಅವನು ಕೇಳಿದ. ಐತಾಳರು ಕೈ ತೊಳೆಯಲು ಬಾಗಿಲಾಚೆ ಹೋಗಿದ್ದರು. ಅಲ್ಲಿ ನಾನೊಬ್ಬಳೇ ಇದ್ದೆ. “ಒಂದು ಇರಬಹುದು” ಎಂದುಬಿಟ್ಟೆ.

ಆ ‘ಒಂದು’ ಎಲ್ಲಿಂದ ಬಂತೋ ತಿಳಿಯದು. ಒಂದಾಗಿರಲಿ ಎಂಬ ಪ್ರಾರ್ಥನೆ ಸುಳ್ಳಾಗಿ ಬಾಯಿಂದ ಬಿತ್ತು.

ಬಸ್ ನಿಲ್ದಾಣಕ್ಕೆ ಐತಾಳರೇ ಬಿಟ್ಟರು. ನಿಫಾಡದ ಹತ್ತಿರ ರಸ್ತೆಯ ಮೇಲೆ ನೀರು ಬಂದಿದೆಯೆಂದು ಬಸ್ಸು ಚಾಂದವಡ, ಮನಮಾಡ ಸುತ್ತಿ ಹೋಗುವುದಿತ್ತು. ಮಳೆ ಗಾಜಿನ ಮೇಲೆ ಹಗ್ಗದಂತೆ ಇಳಿಯುತ್ತಿತ್ತು. ಚಾಂದವಡದಲ್ಲಿ ಉಳ್ಳಾಗಡ್ಡಿಯ ಲಾರಿಯೊಂದು ಅಡ್ಡ ಮಗುಚಿ ಬಿದ್ದಿತ್ತು. ಕೆಂಪು ಗಡ್ಡೆಗಳು ರಸ್ತೆ ತುಂಬ ಹರಡಿ, ಚಕ್ರಗಳಡಿ ಅಪ್ಪಚ್ಚಿಯಾಗಿ, ಮಳೆನೀರಿನಲ್ಲಿ ಕೊಳೆಯುತ್ತಿದ್ದವು. ಬಸ್ಸು ನಿಂತಿತು. ಆಗ ಮಹೇಶನ ಫೋನು ಬಂತು.

“ಅಕ್ಕಾ, ಒಂದೇ ಅದ. ಎಕ್ಸ್‌ರೇದಾಗ ಒಂದೇ ಕಾಣ್ಲತ್ತದ. ಎರಡು ದಿನದಾಗ ತಾನೇ ಹೊರಗ ಬರ್ತದಂತ. ಮನಿಗೆ ಕರ್ಕೊಂಡು ಹೋಗ್ರಿ ಅಂದಾರ.” ಅವನ ದನಿ ಹಗುರಾಗಿತ್ತು. “ಕವಿತಾಗ ಸ್ವಲ್ಪ ಸಿಟ್ಟು ಬಂದದ. ಇರ್ಲಿ ಬಿಡು, ನಾ ಹೇಳ್ತೀನಿ ಆಕಿಗೆ.”

ಸರಿ ಎಂದೆ. ಫೋನು ಇಟ್ಟೆ. ಸಮಾಧಾನವಾಗಬೇಕಿತ್ತು. ಎಕ್ಸ್‌ರೇ ತೆಗೆದವರು ಡಾಕ್ಟರು, ಕಂಡದ್ದು ಒಂದು. ಇನ್ನೊಂದು ನನ್ನ ಮನೆಯ ಯಾವುದೋ ಸಂದಿಯಲ್ಲಿರಬೇಕು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಇಷ್ಟು ವರ್ಷ ಆ ಬಿಲ್ಲೆಗಳನ್ನು ಚಿಮುಟದಲ್ಲಿ ಹಿಡಿದವಳು ನಾನು. ಎರಡು ಹತ್ತಿರ ಬಂದರೆ ಅವು ಹೇಗೆ ಅಂಚಿಗೆ ಅಂಚು ಕೂಡಿಕೊಳ್ಳುತ್ತವೆ, ಎದುರಿನಿಂದ ನೋಡಿದರೆ ಹೇಗೆ ಒಂದೇ ಆಗಿ ಕಾಣುತ್ತವೆ ಎಂಬುದು ಆ ಡಾಕ್ಟರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ಆ ಕಾಲು ಗಂಟೆ ನಾನು ಫೋನು ಹಿಡಿದು ಕುಳಿತಿದ್ದೆ. ಹೊರಗೆ ಜನ ಮಳೆಯಲ್ಲೇ ಉಳ್ಳಾಗಡ್ಡಿ ಆರಿಸುತ್ತಿದ್ದರು. ಹೇಳಿದರೆ ತಮ್ಮನ ಮನೆಯ ಬಾಗಿಲು ನನಗೆ ಮುಚ್ಚುತ್ತದೆ. ಹೇಳದಿದ್ದರೆ ಪ್ರಾಯಶಃ ಏನೂ ಆಗುವುದಿಲ್ಲ. ಆ ‘ಪ್ರಾಯಶಃ’ ಎಂಬ ಮಾತಿನ ಮೇಲೆ ಒಂದು ಮಗುವನ್ನು ಮಲಗಿಸಿ ನಾನು ಬಸ್ಸಿನಲ್ಲಿ ಕುಳಿತಿದ್ದೆ. ಬಸ್ಸು ಅಲುಗಾಡಿ ಹೊರಡುವ ಹೊತ್ತಿಗೆ ನಂಬರು ಒತ್ತಿದೆ.

“ಮಹೇಶ, ಎರಡು. ಎಂಟಿದ್ವು, ಆರು ಸಿಕ್ಕಾವ. ನಾ ನಿನಗ ಸುಳ್ಳು ಹೇಳ್ದೆ. ಎರಡು ಕೂಡಿದ್ರ ಒಂದೇ ಅಂತ ಕಾಣ್ತಾವ. ಬಾಜೂಕಿಂದ ಫೋಟೋ ತೆಗಿಲಿಕ್ಕಿ ಹೇಳು.”

ಸ್ಕೂಟರಿನ ಸ್ಟ್ಯಾಂಡು ಹಾಕಿದ ಸದ್ದು ಕೇಳಿಸಿತು. ಅವರು ಮನೆಗೆ ಹೊರಟಿದ್ದರು. ಆಮೇಲೆ ಮೆಟ್ಟಿಲು ಹತ್ತುವ ಸದ್ದು, ಓವಿ ಅಳುವ ಸದ್ದು. ಡಾಕ್ಟರ ಕೈಗೆ ಫೋನು ಹೋಯಿತು. ಆ ಹೆಂಗಸು ಮರಾಠಿಯಲ್ಲಿ ಶಾಂತವಾಗಿ ಕೇಳಿದರು: ಬಿಲ್ಲೆಯ ಅಗಲ ಎಷ್ಟು, ದಪ್ಪ ಎಷ್ಟು, ಯಾವಾಗ ನುಂಗಿದ್ದು. ನಾನು ಹೇಳಿದೆ. ಬುಧವಾರವೇ, ಎಂದು ಅವರು ಮತ್ತೊಮ್ಮೆ ಕೇಳಿದರು. ಹೌದು ಎಂದೆ. ಆಮೇಲೆ ಫೋನು ತುಂಡಾಯಿತು.

ಮನಮಾಡ ದಾಟಿತು. ಸಿಗ್ನಲ್ ಇರಲಿಲ್ಲ. ಯೇವಲೆಯಲ್ಲಿ ಪೈಠಣಿ ಸೀರೆಯಂಗಡಿಗಳ ಬೋರ್ಡುಗಳು ಮಳೆಯ ಹಿಂದೆ ಒಂದೊಂದಾಗಿ ಸರಿದವು, ಆಗ ಸಂದೇಶ ಬಂತು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಎರಡಿವೆ. ನಡುವೆ ದಾರದಷ್ಟು ಸಂದಿ. ಸಂದಿಯೆಂದರೆ ನಡುವೆ ಏನೋ ಸಿಕ್ಕಿಕೊಂಡಿದೆ. ಜಾಲನಾ ರಸ್ತೆಯ ದೊಡ್ಡ ಆಸ್ಪತ್ರೆಗೆ ಹೋಗುತ್ತಿದ್ದೇವೆ, ಆಪರೇಷನ್. ಇಷ್ಟೇ ಬರೆದಿದ್ದ. ಅದರಲ್ಲಿ ‘ಅಕ್ಕಾ’ ಎಂಬ ಮಾತಿರಲಿಲ್ಲ.

ಆಸ್ಪತ್ರೆ ತಲುಪಿದಾಗ ಮೂರೂವರೆ. ಓವಿಯನ್ನು ಆಗಲೇ ಹಸಿರು ಬಟ್ಟೆ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದ್ದರು. ಮೂಗಿನೊಳಗೆ ಒಂದು ನಳಿಕೆ. ಮುಖ ಸುಣ್ಣದಂತಾಗಿತ್ತು. ನನ್ನನ್ನು ನೋಡಿ “ಆತ್ಯಾ” ಎಂದು ಕೈ ಚಾಚಿದಳು. ನಾನು ಹತ್ತಿರ ಹೋಗಲಿಲ್ಲ. ಹೋಗುವ ಹಕ್ಕು ಇದೆಯೋ ಇಲ್ಲವೋ ತಿಳಿಯದೆ ಗೋಡೆಗೆ ಆತು ನಿಂತೆ. ಮಂಚ ಒಳಗೆ ಹೋಯಿತು. ಬಾಗಿಲು ಮುಚ್ಚಿದ ಮೇಲೆ ಕವಿತಾ ನನ್ನ ಕಡೆ ತಿರುಗಿದಳು. ಅವಳು ಅಳುತ್ತಿರಲಿಲ್ಲ.

“ಶನಿವಾರ ಮುಂಜಾನೆ ಫೋನ್ ಮಾಡಿದ್ರಿ,” ಎಂದಳು. “ಆಗ ಗೊತ್ತಿತ್ತೇನ್ರಿ ನಿಮಗ?”

ಇಲ್ಲವೆನ್ನಬಹುದಿತ್ತು. ಅದನ್ನು ಸುಳ್ಳೆಂದು ತೋರಿಸುವವರು ಅಲ್ಲಿ ಯಾರೂ ಇರಲಿಲ್ಲ. ಮಹೇಶ ನೆಲ ನೋಡುತ್ತಿದ್ದ.

“ಗೊತ್ತಿತ್ತು,” ಎಂದೆ.

ಅವಳು ಹೋಗಿ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕುಳಿತಳು. ಆಮೇಲೆ ಏಳನೆಯ ದಿನದವರೆಗೆ ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ.

ಆಪರೇಷನ್ ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯಲ್ಲಿ ನಾನು ದೇವರನ್ನು ಬೇಡಿದೆನೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಬೇಡಲು ನಾಚಿಕೆಯಾಯಿತು. ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತ, ಅದು ಆರಿದರೆ ಏನು ಕೇಳಬೇಕಾಗುತ್ತದೋ ಎಂದು ಆರದಿರಲಿ ಎಂದುಕೊಳ್ಳುತ್ತಿದ್ದೆ. ಸರ್ಜನರು ಹೊರಬಂದು ಮಹೇಶನಿಗೆ ವಿವರಿಸಿದರು. ಎರಡನ್ನು ಒಮ್ಮೆಗೇ ನುಂಗಿಲ್ಲ, ಸ್ವಲ್ಪ ಹೊತ್ತು ಬಿಟ್ಟು ನುಂಗಿದ್ದಾಳೆ. ಕರುಳಿನ ಎರಡು ಸುತ್ತುಗಳು ಅವುಗಳ ನಡುವೆ ಸಿಕ್ಕಿ, ಎರಡು ಕಡೆ ತೂತಾಗಿತ್ತು. ಹೊಲಿದಿದ್ದೇವೆ. ಸೋರಿದ್ದು ಕಡಿಮೆ. ಇನ್ನೊಂದು ದಿನ ಬಿಟ್ಟಿದ್ದರೆ ಎಂದು ಅವರು ಶುರುಮಾಡಿ, ಕವಿತಾಳ ಮುಖ ನೋಡಿ ನಿಲ್ಲಿಸಿದರು. ನರ್ಸು ಒಂದು ಸ್ಟೀಲಿನ ಬಟ್ಟಲು ತಂದು ತೋರಿಸಿದಳು. ಒಳಗೆ ಬಿಲ್ಲೆಗಳು ಬಟ್ಟಲಿನ ತಳಕ್ಕೆ ಕಚ್ಚಿಕೊಂಡಿದ್ದವು. ಚಿಮುಟದಿಂದ ಎಳೆದರೂ ಬೇಗ ಬಿಡಲಿಲ್ಲ.

ನಿಜವಾದ ಹೆದರಿಕೆ ಆಮೇಲೆ ಶುರುವಾಯಿತು. ಹೊಲಿಗೆ ಹಿಡಿಯಬೇಕು, ಜ್ವರ ಬರಬಾರದು, ಕರುಳು ಮತ್ತೆ ಕೆಲಸ ಶುರುಮಾಡಬೇಕು. ಅಲ್ಲಿಯವರೆಗೆ ಅವಳಿಗೆ ಒಂದು ಹನಿ ನೀರೂ ಇಲ್ಲ. ‘ಪಾಣಿ, ಪಾಣಿ’ ಎಂದು ಅವಳು ನರಳುವಾಗ ಕವಿತಾ ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದಳು. ಸರ್ಜನರು ದಿನಕ್ಕೆರಡು ಸಲ ಬಂದು ಹೊಟ್ಟೆಯ ಮೇಲೆ ಸ್ಟೆತಸ್ಕೋಪು ಇಟ್ಟು ಕಣ್ಣು ಮುಚ್ಚಿ ಆಲಿಸುತ್ತಿದ್ದರು. ನಾವು ಮೂವರೂ ಉಸಿರು ಹಿಡಿದು ಅವರ ಮುಖವನ್ನೇ ನೋಡುತ್ತಿದ್ದೆವು. ಎರಡನೆಯ ದಿನ ಇನ್ನೂ ಇಲ್ಲವೆಂದು ತಲೆಯಾಡಿಸಿ ಹೋದರು. ಮೂರನೆಯ ದಿನ ಮಧ್ಯಾಹ್ನ ಜ್ವರ ನೂರೊಂದಕ್ಕೆ ಏರಿತು. ಔಷಧಿ ಬದಲಿಸಿದರು. ಆ ಮಧ್ಯಾಹ್ನ ಮಹೇಶ ವರಾಂಡದಲ್ಲಿ ನನ್ನ ಪಕ್ಕ ನಿಂತು, ಮಳೆ ನೋಡುತ್ತ, “ನೀ ಬಸ್ಸಿನಾಗಿಂದ ಫೋನ್ ಮಾಡ್ಲಿಲ್ಲಂದ್ರ ನಾವು ಮನಿಗೆ ಹೋಗಿಬಿಡ್ತಿದ್ವಿ” ಎಂದ. ಕ್ಷಮಿಸಿದ ದನಿಯಲ್ಲ ಅದು. ಬೈದ ದನಿಯೂ ಅಲ್ಲ. ಅವನೂ ಅದನ್ನೇ ನೆನೆದು ಹೆದರುತ್ತಿದ್ದ.

ನನ್ನನ್ನು ಹೋಗು ಎಂದು ಯಾರೂ ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ. ಕವಿತಾಳ ತಾಯಿಗೆ ಮೊಣಕಾಲು ನೋವು, ಹುಮನಾಬಾದಿನಿಂದ ಬರುವಂತಿರಲಿಲ್ಲ. ಹಾಗಾಗಿ ವಾಳೂಜಿನ ಮನೆಯಿಂದ ದಿನಾ ಬುತ್ತಿ ಕಟ್ಟಿ ತರುವ ಕೆಲಸ ನನ್ನದಾಯಿತು. ಕವಿತಾ ಡಬ್ಬಿ ತೆಗೆದುಕೊಳ್ಳುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅವಳು ಸ್ನಾನಕ್ಕೋ ಕೆಳಗೆ ಔಷಧಿಗೋ ಹೋಗುವಾಗ ಮಹೇಶ ಬರುವವರೆಗೆ ಕಾಯುತ್ತಿದ್ದಳು. ಓವಿಯನ್ನು ನನ್ನೊಬ್ಬಳ ಹತ್ತಿರ ಒಂದು ನಿಮಿಷವೂ ಬಿಡುತ್ತಿರಲಿಲ್ಲ. ಅದು ನನಗೆ ಅವಮಾನವೆನಿಸಲಿಲ್ಲ. ಒಳಗೊಳಗೆ ಉಪಕಾರವೆನಿಸಿತು, ಏಕೆಂದರೆ ನನ್ನನ್ನು ನಾನೇ ನಂಬುತ್ತಿರಲಿಲ್ಲ.

ಐತಾಳರು ದಿನಾ ಮಧ್ಯಾಹ್ನ ಹೋಟೆಲಿನ ಗದ್ದಲ ಇಳಿದ ಮೇಲೆ ಫೋನು ಮಾಡುತ್ತಿದ್ದರು. ಕಾಳಗದ ಆಟ ಆ ವರ್ಷ ನಿಂತೇಹೋಯಿತು. ಇನ್ನು ನಾನು ಬ್ರಷ್ಷು ಹಿಡಿಯುವುದಿಲ್ಲ ಎಂದಾಗ, ಆ ಮಾತನ್ನು ಮಗು ಮನೆಗೆ ಹೋದ ಮೇಲೆ ಆಡುವ ಎಂದಷ್ಟೇ ಹೇಳಿದರು. ಮರುವರ್ಷ ನಾನು ಮತ್ತೆ ಹಿಡಿದೆ ಎಂಬುದೂ ನಿಜವೇ. ನನ್ನ ಟ್ಯಾಂಕುಗಳ ಗೋಪುರಗಳನ್ನು ಈಗ ಅಂಟು ಹಾಕಿ ಕೂರಿಸುತ್ತೇನೆ, ಅವು ತಿರುಗುವುದಿಲ್ಲ. ಆಡುವವರು ಗೊಣಗುತ್ತಾರೆ. ಬ್ರಷ್ಷನ್ನು ಬಾಯಿಗೆ ಒಯ್ಯುವುದನ್ನು ಬಿಡಲು ಇನ್ನೂ ಒಂದು ವರ್ಷ ಹಿಡಿಯಿತು. ಓವಿ ಈಗ ಎರಡನೆಯ ಇಯತ್ತೆ. ಹೊಕ್ಕುಳ ಮೇಲೆ ಬೆರಳುದ್ದದ ಗುರುತಿದೆ, ಅವಳಿಗೆ ಏನೂ ನೆನಪಿಲ್ಲ. ಅವಳ ಮನೆಗೆ ಹೋದಾಗ ಮೊದಲು ನನ್ನ ಕಣ್ಣು ನೆಲದ ಮೇಲೆ ಓಡಾಡುತ್ತದೆ. ಗುಂಡಿ, ಪಿನ್ನು, ಬ್ಯಾಟರಿ ಸೆಲ್ಲು. ಅವಳು ದೊಡ್ಡವಳಾಗಿದ್ದಾಳೆ ಎಂದು ಗೊತ್ತಿದ್ದರೂ.

ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಸಂಜೆ ಸರ್ಜನರು ಸ್ಟೆತಸ್ಕೋಪು ತೆಗೆದು ಮೊದಲ ಸಲ ನಕ್ಕರು. ಕರುಳು ಗುಡುಗುಡು ಅನ್ನುತ್ತಿದೆ ಎಂದರು. ಜ್ವರ ಇಳಿಯಿತು. ಐದನೆಯ ದಿನ ಎರಡು ಚಮಚ ನೀರು, ಆರನೆಯ ದಿನ ಬೇಳೆಯ ಕಟ್ಟು.

ಏಳನೆಯ ದಿನ ಮಹೇಶನ ರಜೆ ಮುಗಿದು ಅವನು ಕಾರ್ಖಾನೆಗೆ ಹೋಗಬೇಕಾಯಿತು. ನಾನು ಬುತ್ತಿ ತೆಗೆದುಕೊಂಡು ಹೋದಾಗ ಹತ್ತೂವರೆ. ಕೋಣೆಯಲ್ಲಿ ಕವಿತಾ, ಓವಿ ಇಬ್ಬರೇ. ಹಿಂದಿನ ರಾತ್ರಿ ಓವಿ ಮೈಮೇಲೆ ವಾಂತಿ ಮಾಡಿದ್ದರಿಂದ ಕವಿತಾಳ ಸೀರೆಯೆಲ್ಲ ಕಲೆಯಾಗಿತ್ತು, ಕೂದಲು ಅಂಟಿಕೊಂಡಿತ್ತು. ಅವಳು ಟವೆಲ್ಲು ಕೈಯಲ್ಲಿ ಹಿಡಿದು ನಿಂತಳು. ಗಡಿಯಾರ ನೋಡಿದಳು. ಮಹೇಶ ಬರುವುದು ಸಂಜೆಗೇ ಎಂದು ಇಬ್ಬರಿಗೂ ಗೊತ್ತಿತ್ತು.

“ಅಕ್ಕಾ,” ಎಂದಳು. “ನಾ ಜಳಕ ಮಾಡಿ ಬರ್ತೀನಿ. ಇಕಿನ್ನ ನೋಡ್ಕೋರಿ.”

ಸ್ನಾನದ ಕೋಣೆಯ ಬಾಗಿಲು ಮುಚ್ಚಿತು, ನೀರಿನ ಸದ್ದು ಶುರುವಾಯಿತು. ನಾನು ಮಂಚದ ಅಂಚಿನಲ್ಲಿ ಕುಳಿತೆ. ಓವಿ ಎಚ್ಚರವಿದ್ದಳು, ಹೊದಿಕೆಯ ದಾರ ಎಳೆಯುತ್ತಿದ್ದಳು. ನಾನು ಅವಳ ಎರಡು ಕೈಗಳನ್ನೂ ನನ್ನ ಕೈಯಲ್ಲಿ ಹಿಡಿದುಕೊಂಡೆ. ಅಂಗಿಯ ಗುಂಡಿಗಳು ಎಲ್ಲ ಇವೆಯೇ ನೋಡಿದೆ. ಮಾತ್ರೆಯ ಹಾಳೆ, ಸಿರಿಂಜಿನ ಮುಚ್ಚಳ ಇದ್ದ ಸ್ಟೂಲನ್ನು ಕಾಲಿನಿಂದ ದೂರ ಸರಿಸಿದೆ, ಅವಳ ಕೈ ಬಿಡದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು. ಕೆಮ್ಮಿದಾಗ ಬಾಗಿ ಅವಳ ಬಾಯೊಳಗೆ ನೋಡಿದೆ. ಕಣ್ಣರೆಪ್ಪೆ ಮುಚ್ಚಿದರೆ ಆ ಹೊತ್ತಿನಲ್ಲೇ ಏನಾದರೂ ಆದೀತು ಎಂದು ಕಣ್ಣಲ್ಲಿ ನೀರು ಬರುವವರೆಗೆ ತೆರೆದೇ ಇಟ್ಟಿದ್ದೆ.

ಬಾಗಿಲು ತೆರೆಯಿತು. ಐದು ನಿಮಿಷವೂ ಆಗಿರಲಿಲ್ಲ. ಕವಿತಾ ಹೊರಬಂದಳು, ಕೂದಲಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಸೀರೆಯನ್ನು ಹೇಗೋ ಸುತ್ತಿಕೊಂಡಿದ್ದಳು. ಓಡಿಬಂದವಳಂತೆ ಏದುಸಿರು. ಓವಿಯ ಕೈಗಳು ನನ್ನ ಮುಷ್ಟಿಯಲ್ಲಿರುವುದನ್ನು ನೋಡಿದಳು. ನನ್ನ ಮುಖ ನೋಡಿದಳು. ಮಂಚದ ಇನ್ನೊಂದು ಬದಿಗೆ ಬಂದು ಧೊಪ್ಪನೆ ಕುಳಿತಳು.

ಅವಳ ಕಿವಿಯ ಹಿಂದೆ, ಕುತ್ತಿಗೆಯವರೆಗೆ ಸಾಬೂನಿನ ನೊರೆ ಹಾಗೆಯೇ ಉಳಿದಿತ್ತು. ನಾನು ಒಂದು ಕೈ ಬಿಡಿಸಿಕೊಂಡು, ಅವಳ ಹೆಗಲ ಮೇಲಿದ್ದ ಟವೆಲ್ಲಿನ ತುದಿಯಿಂದ ಅದನ್ನು ಒರೆಸಿದೆ. ಅವಳು ತಲೆ ಆಚೆ ತಿರುಗಿಸಲಿಲ್ಲ.